ಓದು, ಟಿಪ್ಪಣಿ ಮತ್ತು ಇ-ರೀಡರ್

ಕಥೆಯನ್ನು ಓದುವುದು ಬೇರೆ, ವಿದ್ವತ್ ಲೇಖನವನ್ನು ಅಭ್ಯಸಿಸುವುದು ಬೇರೆ. ಕಥೆಯು ನಮ್ಮನ್ನು ತಡೆಯಿಲ್ಲದೆ ಮುಂದಕ್ಕೆ ಕರೆದೊಯ್ಯುತ್ತದೆ. ವಿದ್ವತ್ ಲೇಖನವಾದರೋ ಅಲ್ಲಲ್ಲಿ ನಿಂತು ಯೋಚಿಸುವಂತೆ ಮಾಡುತ್ತದೆ. ಮುಖ್ಯವಾದ ಸಾಲಿಗೆ ಅಡಿಗೆರೆ ಎಳೆಯಬೇಕು. ಸಂದೇಹವನ್ನು ಅಂಚಿನಲ್ಲಿ ಬರೆದಿಡಬೇಕು. ನಮ್ಮ ಹಿರಿಯರು ಮೂಲಗ್ರಂಥಗಳಿಗೆ ಟೀಕೆ ಟಿಪ್ಪಣಿಗಳನ್ನು ಬರೆದುದೂ ಇಂತಹ ಶ್ರದ್ಧೆಯಿಂದಲೇ. ಇಂದು ಇಂತಹ ಲೇಖನಗಳು ಹೆಚ್ಚಾಗಿ ಪಿಡಿಎಫ್ ರೂಪದಲ್ಲಿ ದೊರೆಯುವುದರಿಂದ, ಅವುಗಳನ್ನು ಓದಲು ಅನೇಕರು ಇ-ರೀಡರ್ ಕೊಳ್ಳುತ್ತಾರೆ. ಕೊಳ್ಳುವ ಮುನ್ನ ಬೆಲೆಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಾನು ಓದಬೇಕಾದುದು ಏನು?

ಇ-ರೀಡರಿನ ತೆರೆಯು ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ವಿದ್ಯುನ್ಮಾನ ಶಾಯಿಯನ್ನು ಆಧರಿಸಿದೆ. ಕೂದಲೆಳೆಯ ದಪ್ಪದಷ್ಟು ಸಣ್ಣದಾದ ಅಸಂಖ್ಯ ಕೋಶಗಳಲ್ಲಿ ಕಪ್ಪು ಮತ್ತು ಬಿಳಿಯ ಕಣಗಳಿರುತ್ತವೆ. ವಿದ್ಯುತ್ತಿನ ಪ್ರಭಾವದಿಂದ ಒಂದು ಬಣ್ಣದ ಕಣಗಳು ಮೇಲೆ ಬಂದು, ಮತ್ತೊಂದು ಬಣ್ಣದವು ಕೆಳಗಿಳಿಯುತ್ತವೆ. ಒಮ್ಮೆ ಮೂಡಿದ ಪುಟವು ನಿಲ್ಲಲು ವಿದ್ಯುತ್ತು ಬೇಕಿಲ್ಲ. ಕಾಗದದಂತೆ ಹೊರಗಿನ ಬೆಳಕನ್ನೇ ಪ್ರತಿಫಲಿಸುವುದರಿಂದ ಬಿಸಿಲಿನಲ್ಲಿಯೂ ಇದನ್ನು ಓದಬಹುದು.

ಆದರೆ ಒಂದೇ ಸಾಧನವು ಎಲ್ಲ ಓದಿಗೂ ಒಪ್ಪುವುದಿಲ್ಲ. ಹಾವೇರಿ ಜಿಲ್ಲೆಯ ನಾಲ್ಕು ಊರುಗಳ ಉದಾಹರಣೆಯಿಂದ ಈ ಮಾತು ಸ್ಪಷ್ಟವಾದೀತು.

ಹಿರೇಕೆರೂರು ಸೀಮೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ತಿಳಿಸುವ ಶಾಸನವಿದೆ. ಜೆ. ಎಫ್. ಫ್ಲೀಟ್ ಎಂಬ ವಿದ್ವಾಂಸರು ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ (1898–99) ಪ್ರಕಟಿಸಿದರು. ಇಂತಹ ಹಳೆಯ ಲೇಖನದ ಪಿಡಿಎಫ್ ಎಂದರೆ ಮುದ್ರಿತ ಪುಟದ ಛಾಯಾಚಿತ್ರ. ಕಥೆಪುಸ್ತಕದಂತೆ ಅದರ ಅಕ್ಷರಗಳನ್ನು ಹಿಗ್ಗಿಸಿ ಸಾಲುಗಳನ್ನು ಹೊಸದಾಗಿ ಜೋಡಿಸಲಾಗದು. 21 ಸೆಂಟಿಮೀಟರ್ ಅಗಲದ ಎ4 ಪುಟವು 6 ಅಂಗುಲದ ತೆರೆಯಲ್ಲಿ ಅರ್ಧಕ್ಕಿಂತಲೂ ಕಿರಿದಾಗುತ್ತದೆ. ಅಡಿಟಿಪ್ಪಣಿಗಳು ಕಣ್ಣಿಗೆ ನಿಲುಕವು. 10.3 ಅಂಗುಲದ ತೆರೆಯಲ್ಲಿ ಅದೇ ಪುಟ ಸುಮಾರು ಮುಕ್ಕಾಲು ಗಾತ್ರದಲ್ಲಿ ಕಾಣುತ್ತದೆ. ಛಾಯಾಚಿತ್ರದ ಪುಟದಲ್ಲಿ ಸಾಲುಗಳನ್ನು ಬೆರಳಿನಿಂದ ಗುರುತಿಸಲಾಗದಿದ್ದರೆ, ತೆರೆಯ ಮೇಲೆ ಬರೆಯುವ ಲೇಖನಿಯೇ ಗತಿ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ತಳವಿನ್ಯಾಸದಂತಹ ರೇಖಾಚಿತ್ರಗಳನ್ನು ಅಭ್ಯಸಿಸುವವರಿಗೂ ದೊಡ್ಡ ತೆರೆಯೇ ಅನುಕೂಲ.

ಸವಣೂರಿನ ದೊಡ್ಡಹುಣಸೆ ಮರಗಳು ಆಫ್ರಿಕಾ ಮೂಲದವು. ಅಂತಹ ವೃಕ್ಷಗಳ ಎಲೆ, ಹೂ, ತೊಗಟೆಗಳ ವರ್ಣಚಿತ್ರಗಳುಳ್ಳ ಲೇಖನವನ್ನು ಕಪ್ಪು ಬಿಳುಪಿನ ತೆರೆಯಲ್ಲಿ ಓದಿದರೆ ಅರ್ಧ ವಿಷಯವೇ ಕಳೆದುಹೋದೀತು. ಸಸ್ಯಶಾಸ್ತ್ರದ ವಿದ್ಯಾರ್ಥಿಗೆ ಟ್ಯಾಬ್ಲೆಟ್ಟೇ ಮೇಲು.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಜಾನಪದವನ್ನು ಅಭ್ಯಸಿಸುವವರು ಕನ್ನಡ ಲೇಖನಗಳನ್ನೂ ಓದಬೇಕಷ್ಟೆ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ವಿನ್ಯಾಸಗಳಲ್ಲಿ ಸಿದ್ಧವಾದ ಕನ್ನಡ ಪುಟಗಳು ನೋಡಲು ಸರಿಯಾಗಿಯೇ ಇರುತ್ತವೆ. ಗುರುತಿಸಿದ ಸಾಲನ್ನು ಬೇರೆಡೆಗೆ ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಇಂಗ್ಲಿಷ್ ಲೇಖನವೊಂದನ್ನೇ ತೆರೆದು ನೋಡಿ ಸಾಧನವನ್ನು ಮೆಚ್ಚುವವರು ಈ ತೊಡಕನ್ನು ಕಾಣಲಾರರು.

ಇವೆಲ್ಲಕ್ಕಿಂತ ಮಿಗಿಲಾದ ಪರೀಕ್ಷೆ ಇನ್ನೊಂದಿದೆ. ನಾವು ಬರೆದ ಟಿಪ್ಪಣಿಯು ಸಾಧನದಿಂದ ಹೊರಗೆ ಬರಬಲ್ಲುದೇ? ಕೊಳ್ಳುವ ಮುನ್ನ ಒಂದು ಕನ್ನಡ ಲೇಖನವನ್ನೂ ಒಂದು ಇಂಗ್ಲಿಷ್ ಲೇಖನವನ್ನೂ ಅದಕ್ಕೆ ತುಂಬಿ, ಒಂದು ಸಾಲಿಗೆ ಗೆರೆ ಎಳೆದು, ಅಂಚಿನಲ್ಲಿ ಒಂದು ಮಾತು ಬರೆದು, ಆ ಕಡತವನ್ನು ಗಣಕಯಂತ್ರದಲ್ಲಿ ತೆರೆದು ನೋಡಬೇಕು. ಗೆರೆಯೂ ಮಾತೂ ಅಲ್ಲಿ ಉಳಿದಿದ್ದರೆ ಮಾತ್ರ ಆ ಸಾಧನವು ನಂಬಿಕೆಗೆ ಯೋಗ್ಯ. ಸಾಧನ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಐದು ವರ್ಷಗಳ ಓದಿನ ಟಿಪ್ಪಣಿ ಅದರೊಡನೆ ಹೋದರೆ ಅದನ್ನು ಯಾವ ಅಂಗಡಿಯಿಂದ ತರುವುದು?

ಇ-ರೀಡರ್ ಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಅದರಿಂದ ಅಧ್ಯಯನವೇನೂ ನಿಲ್ಲಬೇಕಾಗಿಲ್ಲ. ಲೇಖನದ ಹೆಸರು, ಪುಟಸಂಖ್ಯೆ, ತನ್ನ ಪ್ರಶ್ನೆ — ಈ ಮೂರನ್ನು ನೋಟುಪುಸ್ತಕದಲ್ಲಿ ಕ್ರಮವಾಗಿ ಬರೆದಿಡುವ ವಿದ್ಯಾರ್ಥಿಯು ಯಾರಿಗೂ ಹಿಂದುಳಿಯುವುದಿಲ್ಲ. ಸಾಧನವು ಪುಟವನ್ನು ತೋರಿಸಬಲ್ಲುದು. ಯಾವ ಸಾಲಿಗೆ ಗೆರೆ ಎಳೆಯಬೇಕೆಂಬ ವಿವೇಕವನ್ನು ಓದುವವನೇ ಬೆಳೆಸಿಕೊಳ್ಳಬೇಕು.