ದುರ್ಬೀನಿಗೆ ಮೊದಲು ಪೀಠ

ನಮ್ಮ ವಾಚನಾಲಯಕ್ಕೆ ಪಾಳಿ ಮುಗಿಸಿ ಬರುವ ತರುಣರಲ್ಲಿ ಒಬ್ಬರು ದೀಪಾವಳಿಯ ಬೋನಸಿನ ಹಣದಲ್ಲಿ ಒಂದು ದುರ್ಬೀನು ಕೊಂಡರು. ಕುಂದಾಪುರದ ಕಡೆಯವರು, ವಾಗಳೆ ಎಸ್ಟೇಟಿನಲ್ಲಿ ಲೇತ್ ಕೆಲಸ. ತಿಂಗಳೊಳಗೆ ತಾವು ತೆಗೆದ ನಾಲ್ಕು ಚಿತ್ರಗಳನ್ನು ತಂದು ನಮ್ಮ ಮೇಜಿನ ಮೇಲಿಟ್ಟು, "ಮಾಷ್ಟ್ರೆ, ನಕ್ಷತ್ರ ಎಲ್ಲಾ ಗೀಟು ಗೀಟಾಗಿ ಬಂದಿದೆ. ಲೆನ್ಸಿನಲ್ಲಿ ದೋಷ ಉಂಟಾ?" ಎಂದು ಕೇಳಿದರು. ಲೆನ್ಸಿನಲ್ಲಿ ದೋಷವಿರಲಿಲ್ಲ. ಹಣದ ಬಹುಪಾಲು ಕೊಳವೆಗೆ ಹೋಗಿ, ಅದನ್ನು ಹೊರುವ ಕಾಲಿಗೆ ಚಿಲ್ಲರೆ ಮಾತ್ರ ಉಳಿದಿತ್ತು. ಇದೇ ತಪ್ಪನ್ನು ಕೆಲವು ವರ್ಷಗಳ ಹಿಂದೆ ನಾವೂ ಮಾಡಿದವರೇ. ಅಂಗಡಿಯಾತ ಪೆಟ್ಟಿಗೆಯ ಮೇಲೆ ಅಚ್ಚಾದ ಶನಿಯ ಬಳೆಗಳನ್ನು ತೋರಿಸಿದ. ನಾವು ಕಾಲು ಅಲ್ಲಾಡಿಸಿ ನೋಡಲಿಲ್ಲ. ಆ ಸ್ಟ್ಯಾಂಡು ಈಗ ಮನೆಯಲ್ಲಿ ಒದ್ದೆ ಛತ್ರಿ ಒಣಗಿಸುವುದಕ್ಕೆ ಒದಗುತ್ತಿದೆ. ಇನ್ನೊಬ್ಬರ ಬೋನಸು ಹೀಗೆ ಹೋಗಬಾರದೆಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ಇಂಗ್ಲಿಷಿನಲ್ಲಿ ಮೌಂಟ್ ಎನ್ನುವುದನ್ನು ಇಲ್ಲಿ ಪೀಠ ಎಂದು ಕರೆಯೋಣ. ಮುಕ್ಕಾಲಿಯ ಮೇಲೆ ಕುಳಿತು ದುರ್ಬೀನನ್ನು ಹಿಡಿದು ತಿರುಗಿಸುವ ಭಾಗವೇ ಪೀಠ. ಕಣ್ಣಿನಿಂದ ನೋಡುವವರಿಗೆ ಪೀಠ ತುಸು ಸಡಿಲವಾದರೂ ನಡೆದೀತು, ಕಣ್ಣು ಹೊಂದಿಕೊಳ್ಳುತ್ತದೆ. ಕ್ಯಾಮರಾ ಹಾಗೆ ಹೊಂದಿಕೊಳ್ಳುವುದಿಲ್ಲ. ಅದು ತೆರೆದಿರುವಷ್ಟು ಹೊತ್ತೂ ಆದ ಅಲುಗಾಟವನ್ನೆಲ್ಲ ಶಾನುಭೋಗರ ಹಾಗೆ ಬರೆದಿಡುತ್ತದೆ.

ನಕ್ಷತ್ರ ಓಡುವುದೆಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕೋಣ. ಭೂಮಿಯು ನಕ್ಷತ್ರಗಳಿಗೆ ಎದುರಾಗಿ ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ 4 ಸೆಕೆಂಡು ಬೇಕು. ಅಂದರೆ ಆಕಾಶವು ಗಂಟೆಗೆ ಸುಮಾರು 15 ಡಿಗ್ರಿ, ಸೆಕೆಂಡಿಗೆ 15 ಆರ್ಕ್‌ಸೆಕೆಂಡು ಜರುಗುತ್ತದೆ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡು. ಈಗಿನ ಕ್ಯಾಮರಾಗಳಲ್ಲಿ ಬೆಳಕು ಹಿಡಿಯುವ ಒಂದೊಂದು ಚುಕ್ಕೆ, ಅಂದರೆ ಪಿಕ್ಸೆಲ್, ಸಾಮಾನ್ಯವಾಗಿ 4 ಮೈಕ್ರಾನಿನ ಆಸುಪಾಸು ಇರುತ್ತದೆ. ಅಂಥ ಕ್ಯಾಮರಾಕ್ಕೆ 50 ಮಿಲಿಮೀಟರಿನ ಲೆನ್ಸು ಹಾಕಿದರೆ ಒಂದು ಪಿಕ್ಸೆಲ್ಲಿಗೆ ಸುಮಾರು 16 ಆರ್ಕ್‌ಸೆಕೆಂಡು ಆಕಾಶ ಬೀಳುತ್ತದೆ. ನಕ್ಷತ್ರ ಒಂದು ಪಿಕ್ಸೆಲ್ ದಾಟಲು ಒಂದು ಸೆಕೆಂಡು. 400 ಮಿಲಿಮೀಟರಿನ ದುರ್ಬೀನು ಹಾಕಿದರೆ ಒಂದು ಪಿಕ್ಸೆಲ್ಲಿಗೆ ಎರಡೇ ಆರ್ಕ್‌ಸೆಕೆಂಡು. ನಕ್ಷತ್ರ ಸೆಕೆಂಡಿಗೆ ಏಳು ಪಿಕ್ಸೆಲ್ ಓಡುತ್ತದೆ. ನಮ್ಮ ತರುಣರು ಮೂವತ್ತು ಸೆಕೆಂಡು ಕ್ಯಾಮರಾ ತೆರೆದಿಟ್ಟಿದ್ದರು! 500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ ಬಂದಷ್ಟು ಸೆಕೆಂಡು ತೆರೆದಿಡಬಹುದೆಂಬ ಹಳೆಯ ಸೂತ್ರವೊಂದುಂಟು. ಅದು ಫಿಲ್ಮಿನ ಕಾಲದ ಉದಾರತೆ. ಈಗಿನ ಕ್ಯಾಮರಾಕ್ಕೆ ಅದರ ಅರ್ಧವನ್ನು ಹಿಡಿಯುವುದು ಲೇಸು.

ಆದುದರಿಂದ ಆಕಾಶ ತಿರುಗಿದಂತೆ ದುರ್ಬೀನನ್ನೂ ತಿರುಗಿಸಬೇಕು. ಇದಕ್ಕೆ ಎರಡು ಬಗೆಯ ಪೀಠಗಳಿವೆ. ಒಂದು, ಎಡಬಲಕ್ಕೂ ಮೇಲೆಕೆಳಗೂ ತಿರುಗುವಂಥದು. ತೋಪಿನ ಗಾಡಿಯ ಹಾಗೆ. ಇದಕ್ಕೆ ಆಲ್ಟಾಜಿಮತ್ ಎನ್ನುತ್ತಾರೆ. ಇನ್ನೊಂದು ಇಕ್ವಟೋರಿಯಲ್. ಇದನ್ನು ತಿಳಿಯಲು ಊರಿನ ಬೀಸುವ ಕಲ್ಲನ್ನು ನೆನೆಯಿರಿ. ಮೇಲಿನ ಕಲ್ಲು ನಡುವಿನ ಗೂಟದ ಸುತ್ತ ತಿರುಗುತ್ತದೆ. ಆ ಕಲ್ಲನ್ನು ಓರೆಯಾಗಿಸಿ, ಗೂಟವು ನೇರವಾಗಿ ಉತ್ತರ ಧ್ರುವದ ಕಡೆಗೆ ನೋಡುವಂತೆ ಮಾಡಿ, ದಿನಕ್ಕೊಂದು ಸುತ್ತು ಬರುವಂತೆ ನಿಧಾನವಾಗಿ ತಿರುಗಿಸಿದರೆ, ಅದರ ಮೇಲೆ ಕುಳಿತ ಕ್ಯಾಮರಾಕ್ಕೆ ನಕ್ಷತ್ರಗಳು ನಿಂತಂತೆಯೇ ಕಾಣುವುವು. ಒಂದೇ ಅಕ್ಷ, ಒಂದೇ ವೇಗ, ಒಂದೇ ಮೋಟಾರು.

ಆಲ್ಟಾಜಿಮತ್ ಪೀಠಕ್ಕೂ ಮೋಟಾರು, ಗಣಕ ಕೂಡಿಸಿ ನಕ್ಷತ್ರವನ್ನು ಹಿಂಬಾಲಿಸಬಹುದಲ್ಲ ಎಂದು ಕೇಳಬಹುದು. ಹಿಂಬಾಲಿಸಬಹುದು, ಆದರೆ ಚಿತ್ರದ ನಡುವಿನ ನಕ್ಷತ್ರ ನಿಂತರೂ ಸುತ್ತಲಿನವು ಅದರ ಸುತ್ತ ನಿಧಾನವಾಗಿ ತಿರುಗುತ್ತವೆ. ಉದಯಿಸುವ ಚಂದ್ರ ಒಂದು ಮಗ್ಗುಲಾಗಿಯೂ ಮುಳುಗುವ ಚಂದ್ರ ಇನ್ನೊಂದು ಮಗ್ಗುಲಾಗಿಯೂ ಕಾಣುವುದಿಲ್ಲವೆ, ಅದೇ ಕಾರಣ. ನಮ್ಮ ಠಾಣೆಯಿಂದ ಉತ್ತರಕ್ಕೂ ದಕ್ಷಿಣಕ್ಕೂ ಕ್ಷಿತಿಜದ ಹತ್ತಿರ ಈ ತಿರುಗಾಟ ಗಂಟೆಗೆ 14 ಡಿಗ್ರಿಯಷ್ಟು. ನೆತ್ತಿಯ ಬಳಿ ವಿಪರೀತ. ನೇರ ಪೂರ್ವ ಪಶ್ಚಿಮಗಳಲ್ಲಿ ತೀರ ಕಡಿಮೆ. ಇಂಥ ಪೀಠ ಈಗಾಗಲೇ ಕೈಯಲ್ಲಿದ್ದವರು ಪೂರ್ವ ಅಥವಾ ಪಶ್ಚಿಮದ ಆಕಾಶವನ್ನು ಆರಿಸಿಕೊಂಡು, ಹತ್ತು ಸೆಕೆಂಡಿನ ನೂರಾರು ಚಿತ್ರ ತೆಗೆದು ಗಣಕದಲ್ಲಿ ಒಂದರ ಮೇಲೊಂದು ಕೂಡಿಸಬಹುದು. 2023ರಲ್ಲಿ ಬಂದ ಸೀಸ್ಟಾರ್ ಎಂಬ ಪುಟ್ಟ ಯಂತ್ರ ಈ ಕೂಡಿಸುವ ಕೆಲಸವನ್ನು ತಾನೇ ಮಾಡುತ್ತದೆ.

ದೊಡ್ಡವರ ದುರ್ಬೀನುಗಳಲ್ಲಿಯೂ ಈ ಎರಡು ಪಂಥಗಳಿವೆ. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಯಾದ 2.34 ಮೀಟರಿನ ವೈಣು ಬಾಪ್ಪು ದುರ್ಬೀನು ಇಕ್ವಟೋರಿಯಲ್ ಪೀಠದ ಮೇಲೆ, ಕುದುರೆ ಲಾಳದಾಕಾರದ ಭಾರಿ ಚೌಕಟ್ಟಿನಲ್ಲಿ ಕುಳಿತಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದುರ್ಬೀನು ಆಲ್ಟಾಜಿಮತ್. ಅಲ್ಲಿ ಚಿತ್ರದ ತಿರುಗಾಟವನ್ನು ಸರಿಪಡಿಸಲು ಉಪಕರಣವನ್ನೇ ತಿರುಗಿಸುವ ವ್ಯವಸ್ಥೆ ಇದೆ. ಹಿಮಾಲಯದ ಆ ದುರ್ಬೀನನ್ನು ಉಪಗ್ರಹದ ಮೂಲಕ ನಡೆಸುವುದು ಬೆಂಗಳೂರಿನ ಬಳಿಯ ನಮ್ಮ ಹೊಸಕೋಟೆಯಿಂದ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ನಮ್ಮ ಅಳತೆಗೆ ಬರೋಣ. ಚಂದ್ರ, ಗುರು, ಶನಿ ಸಾಕು ಎನ್ನುವವರು ಇಕ್ವಟೋರಿಯಲ್ ಪೀಠಕ್ಕೆ ಹಣ ಹಾಕಬೇಕಾಗಿಲ್ಲ. ಅವು ಪ್ರಕಾಶವುಳ್ಳ ವಸ್ತುಗಳು. ಸೆಕೆಂಡಿನ ಸಣ್ಣ ಪಾಲಿನಲ್ಲಿ ಚಿತ್ರ ಬರುತ್ತದೆ. ಮಾಜಿವಾಡಾ ನಾಕಾದ ದೀಪಗಳ ನಡುವೆಯೂ, ತಾರಸಿಯ ಮೇಲಿಂದಲೂ ಆಗುವ ಕೆಲಸ ಅದು. ಕೃತ್ತಿಕೆ, ಮಹಾವ್ಯಾಧನ ಕತ್ತಿಯಲ್ಲಿರುವ ನೀಹಾರಿಕೆ, ಆಂಡ್ರೊಮಿಡಾ ಬ್ರಹ್ಮಾಂಡ, ಇವು ಬೇಕೆನ್ನುವವರಿಗೆ ನಿಮಿಷಗಟ್ಟಲೆ ತೆರೆದಿಡುವ ಪೀಠ ಬೇಕು.

ಕೊಳ್ಳುವಾಗ ಮೊದಲು ಕೇಳಬೇಕಾದುದು ಎಷ್ಟು ಭಾರ ಹೊರುತ್ತದೆ ಎಂದು. ಕಂಪನಿ ಹೇಳುವ ಭಾರವು ಕಣ್ಣಿನಿಂದ ನೋಡುವವರಿಗೆ. ಚಿತ್ರ ತೆಗೆಯುವವರು ಅದರ ಅರ್ಧವನ್ನು, ಬಹಳವಾದರೆ ಮೂರರಲ್ಲಿ ಎರಡು ಪಾಲನ್ನು ನಂಬಬೇಕು. ದುರ್ಬೀನು, ಕ್ಯಾಮರಾ, ಸರಿಗಣ್ಣು, ತಂತಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿ, ಆಮೇಲೆ ಪೀಠ ಕೇಳಲು ಹೋಗಿ. ಎರಡನೆಯದಾಗಿ, ಮುಕ್ಕಾಲಿ ನಿಲ್ಲಿಸಿ ಕೊಳವೆಗೆ ಬೆರಳಿನಿಂದ ಮೆಲ್ಲಗೆ ಹೊಡೆದು ಚಿತ್ರ ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ಎಣಿಸಿ. ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಒಳ್ಳೆಯದು. ಆರೇಳು ಎಣಿಸಬೇಕಾದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಹೊರಡಿ.

ಪೀಠದ ಹೊಟ್ಟೆಯೊಳಗೆ ಒಂದು ವರ್ಮ್ ಗೇರು, ಅದು ತಿರುಗಿಸುವ ಒಂದು ಹಲ್ಲುಚಕ್ರ. ಕಾರಖಾನೆಯ ಗೆಳೆಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಇಕ್ಯೂ6 ಎಂಬ ಪ್ರಸಿದ್ಧ ಪೀಠದ ಚಕ್ರಕ್ಕೆ 180 ಹಲ್ಲು; ಆದುದರಿಂದ ವರ್ಮು ಸುಮಾರು 479 ಸೆಕೆಂಡಿಗೊಮ್ಮೆ ಸುತ್ತು ಹೊಡೆಯುತ್ತದೆ. ವರ್ಮಿನ ತಿರುಪು ಕೂದಲೆಳೆಯಷ್ಟು ಓರೆಯಾಗಿದ್ದರೂ ಪ್ರತಿ ಸುತ್ತಿನಲ್ಲಿಯೂ ನಕ್ಷತ್ರ ಮುಂದೆ ಹಿಂದೆ ಓಲಾಡುತ್ತದೆ. ಇದಕ್ಕೆ ಮದ್ದು ಇನ್ನೊಂದು ಸಣ್ಣ ಕ್ಯಾಮರಾ: ಅದು ಒಂದು ನಕ್ಷತ್ರವನ್ನೇ ಕಾಯುತ್ತ, ಜರುಗಿದರೆ ಮೋಟಾರಿಗೆ ತಿದ್ದುಪಡಿ ಕಳಿಸುತ್ತದೆ. 50 ಮಿಲಿಮೀಟರಿನ ಲೆನ್ಸಿಗೆ ಇದು ಬೇಡ. 400ಕ್ಕೆ ಹೋದವರಿಗೆ ಬೇಕು. ಹಳೆಯ ಪೀಠ ಕೊಳ್ಳುವವರು ಗೇರಿನ ಸಡಿಲವನ್ನು ಕೈಯಿಂದಲೇ ಆಡಿಸಿ ನೋಡಲಿ.

ತೂಕದ ಪ್ರಶ್ನೆ ನಮ್ಮಂಥವರಿಗೆ ಇನ್ನೊಂದು ರೀತಿಯಲ್ಲಿಯೂ ಬರುತ್ತದೆ. ಕತ್ತಲೆಯ ಆಕಾಶ ಬೇಕಾದರೆ ಬದಲಾಪುರದ ಆಚೆ, ಮುಂಬಯಿಯ ಆಕಾಶವೀಕ್ಷಕರು ಬಹುಕಾಲದಿಂದ ಹೋಗುವ ವಾಂಗಣಿಯ ಕಡೆಗೆ ಕರ್ಜತ್ ಲೋಕಲ್ ಹಿಡಿಯಬೇಕು. ಇಕ್ಯೂ6-ಆರ್ ಪೀಠದ ತಲೆಯೇ 17 ಕಿಲೋ, ಮುಕ್ಕಾಲಿ 7.5 ಕಿಲೋ, ಸಮತೂಕದ ಗುಂಡುಗಳು ತಲಾ 5 ಕಿಲೋ. ಸಂಜೆ ಏಳರ ಲೋಕಲಿನಲ್ಲಿ ಇದನ್ನು ಹೊತ್ತು ಠಾಣೆಯಲ್ಲಿ ಹತ್ತಿ ನೋಡಿದವರಿಗೆ ಗೊತ್ತು. ಸ್ವಂತ ಗಾಡಿ ಇಲ್ಲದವರು ಸ್ಟಾರ್ ಅಡ್ವೆಂಚರರ್ ಜಾತಿಯ, 5 ಕಿಲೋ ಹೊರುವ ಸಣ್ಣ ಪೀಠದಿಂದ ತೃಪ್ತರಾಗುವುದೇ ಬುದ್ಧಿವಂತಿಕೆ. ಅದು ಹೆಗಲ ಚೀಲದಲ್ಲಿ ಹಿಡಿಸುತ್ತದೆ. ಈಚೆಗೆ ಹಾರ್ಮೋನಿಕ್ ಗೇರಿನ ಪೀಠಗಳು ಬಂದಿವೆ. ತಾವು 5 ಕಿಲೋ ಇದ್ದು ಸಮತೂಕವಿಲ್ಲದೆ 13 ಕಿಲೋ ಹೊರುತ್ತವೆ. ಆದರೆ ಅವುಗಳ ಓಲಾಟ ಹೆಚ್ಚು, ಕಾವಲು ಕ್ಯಾಮರಾ ತಪ್ಪುವುದಿಲ್ಲ. ಬೆಲೆಯೂ ಗುಮಾಸ್ತರ ಬೆಲೆಯಲ್ಲ.

ಇನ್ನು ಪೀಠವನ್ನು ನಿಲ್ಲಿಸುವ ಬಗೆ. ಧ್ರುವ ನಕ್ಷತ್ರವು ನಾವಿರುವ ಅಕ್ಷಾಂಶದಷ್ಟೇ ಎತ್ತರದಲ್ಲಿ ಕಾಣುತ್ತದೆ. ಉಡುಪಿಯಲ್ಲಿ 13 ಡಿಗ್ರಿ, ಮಾಜಿವಾಡಾದಲ್ಲಿ 19. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಕ್ಷಿತಿಜದಿಂದ ಎರಡು ಮುಷ್ಟಿಗೆ ತುಸು ಕೆಳಗೆ ಧ್ರುವನಿದ್ದಾನೆ. ಪೀಠಗಳನ್ನು ಮಾಡುವವರು ಯುರೋಪು, ಅಮೆರಿಕಗಳ 40, 50 ಡಿಗ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡುತ್ತಾರೆ. ಕೆಲವು ಪೀಠಗಳು 19ಕ್ಕೆ ಇಳಿಯುವಾಗ ಮುಷ್ಕರ ಹೂಡುತ್ತವೆ. ಇಳಿದರೂ ಸಮತೂಕದ ಗುಂಡು ಉತ್ತರದ ಕಾಲಿಗೆ ಬಡಿಯುತ್ತದೆ. ಕೊಳ್ಳುವಾಗ ಅಂಗಡಿಯಲ್ಲಿಯೇ 19ಕ್ಕೂ, ರಜೆಯಲ್ಲಿ ಊರಿಗೆ ಒಯ್ಯುವವರು 13ಕ್ಕೂ ಇಳಿಸಿ ತೋರಿಸಲು ಹೇಳಿ. ಬಡಿಯುವ ಪೀಠಕ್ಕೆ ಮುಕ್ಕಾಲಿಯ ಮೇಲೆ ಒಂದು ಗಿಡ್ಡ ಕಂಬ ಸೇರಿಸಿದರೆ ಸರಿಹೋಗುತ್ತದೆ.

ಧ್ರುವನು ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿದ್ದಾನೆ. ಪೀಠದೊಳಗಿನ ಸಣ್ಣ ದುರ್ಬೀನಿನ ಗುರುತುಗಳು ಈ ಅಂತರಕ್ಕಾಗಿಯೇ ಇರುವುವು. ಆದರೆ ಕೋಲಶೆತ್ ಕಡೆಯ ಎತ್ತರದ ಕಟ್ಟಡಗಳು ನಮ್ಮ ತಾರಸಿಯಿಂದ ಧ್ರುವನನ್ನು ಪೂರ್ತಿ ನುಂಗಿಬಿಟ್ಟಿವೆ. ದಿಕ್ಸೂಚಿಯನ್ನು ನಂಬೋಣವೆಂದರೆ ಗಚ್ಚಿನೊಳಗಿನ ಕಬ್ಬಿಣ ಸೂಜಿಯನ್ನು ಎಳೆಯುತ್ತದೆ. ಆಗ ಇರುವ ದಾರಿ ನಕ್ಷತ್ರದ ಜಾರುವಿಕೆಯನ್ನು ನೋಡುವುದು. ಅಂದಾಜಿನ ಮೇಲೆ ಪೀಠವನ್ನು ಉತ್ತರಕ್ಕೆ ನಿಲ್ಲಿಸಿ, ಮೋಟಾರು ಹಚ್ಚಿ, ದಕ್ಷಿಣದ ಆಕಾಶದಲ್ಲಿ ನಡುರೇಖೆಯ ಬಳಿ, ಮಹಾವ್ಯಾಧನ ನಡುಪಟ್ಟಿಯಂತೆ ವಿಷುವದ್ವೃತ್ತದ ಹತ್ತಿರವಿರುವ ಒಂದು ನಕ್ಷತ್ರವನ್ನು ಹಿಡಿಯಿರಿ. ಅದು ದಕ್ಷಿಣಕ್ಕೆ ಜಾರಿದರೆ ಪೀಠದ ಗೂಟ ಪೂರ್ವಕ್ಕೆ ಹೆಚ್ಚು ತಿರುಗಿದೆ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಅದನ್ನು ತಿದ್ದಿದ ಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರವೊಂದನ್ನು ಹಿಡಿಯಿರಿ. ದಕ್ಷಿಣಕ್ಕೆ ಜಾರಿದರೆ ಗೂಟ ತಗ್ಗಾಯಿತು, ಉತ್ತರಕ್ಕೆ ಜಾರಿದರೆ ಎತ್ತರವಾಯಿತು. ಮೊದಲ ದಿನ ಒಂದು ಗಂಟೆ ಹಿಡಿಯುತ್ತದೆ. ಕಾಲುಗಳ ಜಾಗಕ್ಕೆ ಗಚ್ಚಿನ ಮೇಲೆ ಬಣ್ಣದ ಗುರುತು ಹಾಕಿಕೊಂಡರೆ ಮರುದಿನ ಹತ್ತೇ ನಿಮಿಷ. ತಾರಸಿಯ ನಡುವಿನಲ್ಲಿ ಮಾತ್ರ ನಿಲ್ಲಿಸಬೇಡಿ. ಹೆದ್ದಾರಿಯ ಕಂಟೇನರ್ ಲಾರಿಗಳಿಗೂ ಲಿಫ್ಟಿನ ಮೋಟಾರಿಗೂ ಅಲ್ಲಿನ ಗಚ್ಚು ನಡುಗುತ್ತದೆ. ಕೆಳಗೆ ಕಂಬ ಬರುವ ಮೂಲೆಯಲ್ಲಿ ನಿಲ್ಲಿಸಿ.

ನಮ್ಮ ತರುಣರಿಗೆ ಮತ್ತೆ ಹಣ ಖರ್ಚು ಮಾಡುವ ಶಕ್ತಿ ಇರಲಿಲ್ಲ. ಊರಿನಲ್ಲಿ ತಂಗಿಯ ಕಾಲೇಜಿನ ಫೀಸು ಇದೆ. ದುರ್ಬೀನು ಕೊಂಡ ಸುದ್ದಿಯನ್ನೇ ಅಮ್ಮನಿಗೆ ಅವರು ಹೇಳಿರಲಿಲ್ಲ. ಅವರಿಗೆ ನಾವು ಹೇಳಿದ್ದು ಹಲಗೆಯ ಪೀಠವನ್ನು. 1975ರಲ್ಲಿ ಸ್ಕೈ ಅಂಡ್ ಟೆಲಿಸ್ಕೋಪ್ ಪತ್ರಿಕೆಯಲ್ಲಿ ಹೇಗ್ ಎಂಬವರು ಇದನ್ನು ಪ್ರಚಾರಕ್ಕೆ ತಂದರು. ಎರಡು ಹಲಗೆಗಳನ್ನು ಒಂದು ಬಿಜಾಗರಿಯಿಂದ ಪುಸ್ತಕದ ಹಾಗೆ ಜೋಡಿಸಿ. ಕೆಳಗಿನ ಹಲಗೆಯನ್ನು ಮುಕ್ಕಾಲಿಗೆ ಬಿಗಿದು, ಬಿಜಾಗರಿಯ ಕಡ್ಡಿ ಧ್ರುವನನ್ನು ನೋಡುವಂತೆ ಓರೆ ಮಾಡಿ, ಬಿಜಾಗರಿ ಪಶ್ಚಿಮಕ್ಕಿರಲಿ. ಪೂರ್ವದ ಅಂಚಿನಲ್ಲಿ, ಕೆಳಹಲಗೆಯ ನಟ್ಟಿನ ಮೂಲಕ ಮೇಲುಹಲಗೆಯನ್ನು ಎತ್ತುವ ಒಂದು 6 ಮಿಲಿಮೀಟರಿನ ಬೋಲ್ಟು. ಅದು ಒಂದು ಸುತ್ತಿಗೆ ಒಂದು ಮಿಲಿಮೀಟರು ಏರುವುದರಿಂದ, ಬಿಜಾಗರಿಯಿಂದ ಬೋಲ್ಟಿಗೆ 228.6 ಮಿಲಿಮೀಟರು ಅಂತರವಿಟ್ಟರೆ, ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ತಿರುಗಿಸಿದಾಗ ಮೇಲಿನ ಹಲಗೆ ಆಕಾಶದ ವೇಗದಲ್ಲಿಯೇ ಏಳುತ್ತದೆ. ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತ ಕೈಯಿಂದ ತಿರುಗಿಸಿದರೆ ಸಾಕು. ದುರ್ಬೀನು ಇದರ ಮೇಲೆ ಕೂರದು, ಕ್ಯಾಮರಾ ಮತ್ತು 50ರ ಲೆನ್ಸು ಕೂರುತ್ತವೆ. ಐದಾರು ನಿಮಿಷದವರೆಗೆ ಲೆಕ್ಕ ತಪ್ಪುವುದಿಲ್ಲ.

ಅವರು ಎರಡು ರವಿವಾರಗಳಲ್ಲಿ ಅದನ್ನು ಮಾಡಿದರು; ಹಲಗೆಯ ಬದಲು ಕಾರಖಾನೆಯ ಕಸದಲ್ಲಿ ಬಿದ್ದಿದ್ದ ಅಲ್ಯುಮಿನಿಯಂ ತಗಡು, ಬಿಜಾಗರಿಯ ಬದಲು ತಾವೇ ಲೇತಿನಲ್ಲಿ ಕಡೆದ ಅಚ್ಚು. ವಾಂಗಣಿಯಲ್ಲಿ ಪೌಷದ ಅಮಾವಾಸ್ಯೆಯ ಇರುಳು ಎರಡು ನಿಮಿಷ ತೆರೆದಿಟ್ಟು ತೆಗೆದ ಮಹಾವ್ಯಾಧನ ಚಿತ್ರ ಈಗ ವಾಚನಾಲಯದ ಫಲಕದ ಮೇಲಿದೆ. ನಕ್ಷತ್ರಗಳು ಚುಕ್ಕೆಗಳಾಗಿಯೇ ಇವೆ. ಎಡಗಡೆಯ ಮೂಲೆಯಲ್ಲಿ ಮಾತ್ರ ತುಸು ಉದ್ದವಾಗಿವೆ, ಅದು ಲೆನ್ಸಿನ ದೋಷ. ಆ ಚಿತ್ರವನ್ನು ಅವರು ಅಮ್ಮನಿಗೂ ಕಳಿಸಿದ್ದಾರೆ. ಅಚ್ಚಿನ ಅಳತೆ ಬೇಕಾದವರು ಯಾವ ಸಂಜೆಯಾದರೂ ಬಂದು ಬರೆದುಕೊಳ್ಳಬಹುದು. ಮಳೆಗಾಲದ ನಾಲ್ಕು ತಿಂಗಳು ಆಕಾಶ ಸಿಕ್ಕುವುದಿಲ್ಲವಾದುದರಿಂದ ಕಡೆಯುವ ಕೆಲಸಕ್ಕೆ ಆ ಕಾಲವೇ ಒಳ್ಳೆಯದು.