ಎಚ್-ಇಂಡೆಕ್ಸ್ ಜಾಸ್ತಿ ಇದ್ದವರೇ ದೊಡ್ಡ ವಿಜ್ಞಾನಿಯೇ?

ಪ್ರಶ್ನೆ: ನನ್ನ ಮಗಳು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಗೈಡ್ ಹುಡುಕುತ್ತಿದ್ದಾಳೆ. ಸಸ್ಯಕೋಶಗಳ ಮೇಲೆ ಕೆಲಸ ಮಾಡುವ ಪ್ರಾಧ್ಯಾಪಕರೊಬ್ಬರ ಹೆಸರಿನ ಮುಂದೆ ‘ಪ್ರಬಂಧ 120, ಸೈಟೇಶನ್ 6200, ಎಚ್-ಇಂಡೆಕ್ಸ್ 38’ ಎಂದಿದೆ. ಇನ್ನೊಬ್ಬರ ಎಚ್-ಇಂಡೆಕ್ಸ್ ಬರೀ 14. ಈ ಲೆಕ್ಕದ ಅರ್ಥವೇನು? ಮೊದಲನೆಯವರೇ ಮೇಲೆಂದು ತಿಳಿಯಬೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ಹಾಗೆ ತಿಳಿಯಬೇಕಿಲ್ಲ. ಒಂದು ಸಂಶೋಧನೆ ಬೇರೆ ಸಂಶೋಧಕರ ಕೈಯಲ್ಲಿ ಎಷ್ಟು ಬಳಕೆಯಾಯಿತು ಎಂಬುದನ್ನು ಈ ಅಂಕಿಗಳು ಹೇಳುತ್ತವೆ. ಅದರ ಆಳವೆಷ್ಟು ಎಂಬುದನ್ನು ಹೇಳುವುದಿಲ್ಲ.

ಒಬ್ಬರ ಪ್ರಬಂಧವನ್ನು ಮತ್ತೊಬ್ಬರು ತಮ್ಮ ಆಕರಪಟ್ಟಿಯಲ್ಲಿ ಹೆಸರಿಸಿದರೆ ಅದು ಒಂದು ಸೈಟೇಶನ್. ಅಮೆರಿಕದ ಯುಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಇವನ್ನೆಲ್ಲ ಕಲೆಹಾಕಿ ಸೂಚಿ ಮಾಡಿದ್ದು ಸಂಬಂಧಪಟ್ಟ ಪ್ರಬಂಧಗಳು ಸುಲಭವಾಗಿ ಸಿಗಲೆಂದು. ವಿಜ್ಞಾನಿಗಳಿಗೆ ಅಂಕ ಕೊಡುವ ರೂಢಿ ಬೆಳೆದದ್ದು ಆಮೇಲೆ. ಎಚ್-ಇಂಡೆಕ್ಸ್ ಇನ್ನೂ ಹೊಸದು. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಅದನ್ನು ಸೂಚಿಸಿದರು. ಒಬ್ಬರ ಐದು ಪ್ರಬಂಧಗಳಿಗೆ ಕ್ರಮವಾಗಿ 90, 12, 6, 4, 1 ಸೈಟೇಶನ್ ಬಂದಿವೆ ಎನ್ನಿ. ನಾಲ್ಕು ಪ್ರಬಂಧಗಳಿಗೆ ತಲಾ ನಾಲ್ಕಾದರೂ ಇವೆ, ಐದಕ್ಕೆ ತಲಾ ಐದಿಲ್ಲ. ಆದ್ದರಿಂದ ಎಚ್-ಇಂಡೆಕ್ಸ್ 4. ಒಂದೇ ಪ್ರಬಂಧಕ್ಕೆ ಬಂದ 90 ಇಲ್ಲಿ ಹೆಚ್ಚು ನಡೆಯುವುದಿಲ್ಲ. ನಿಮ್ಮ ಪ್ರಾಧ್ಯಾಪಕರ 38 ಎಂದರೆ, ತಲಾ 38 ಬಾರಿಯಾದರೂ ಉಲ್ಲೇಖಗೊಂಡ 38 ಪ್ರಬಂಧಗಳು ಅವರ ಹೆಸರಲ್ಲಿವೆ. ಈ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹಾಗಾಗಿ ಹಿರಿಯರದು ಸಹಜವಾಗಿ ದೊಡ್ಡದು. 14 ಇರುವವರು ಲ್ಯಾಬ್ ಶುರುಮಾಡಿ ಆರೇಳು ವರ್ಷವಷ್ಟೇ ಆಗಿದ್ದರೆ ಅದು ಕಡಿಮೆಯೇನಲ್ಲ.

ಇನ್ನು, ಯಾವ ಪ್ರಬಂಧಕ್ಕೆ ಹೆಚ್ಚು ಸೈಟೇಶನ್ ಬರುತ್ತದೆ? ‘ನೇಚರ್’ ಪತ್ರಿಕೆ 2014ರಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪ್ರಬಂಧಗಳ ಪಟ್ಟಿ ಮಾಡಿದಾಗ ಮೊದಲ ಮೂರೂ ಪ್ರೋಟೀನ್‌ಗಳನ್ನು ಅಳೆಯುವ ಅಥವಾ ಬೇರ್ಪಡಿಸುವ ವಿಧಾನಗಳೇ ಆಗಿದ್ದವು. ಮೊದಲನೆಯದಾದ ಲೌರಿ ಅವರ 1951ರ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸೈಟೇಶನ್ ಇತ್ತು. ಸಸ್ಯವಿಜ್ಞಾನದಲ್ಲೂ ಇದೇ ಕಥೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತೊಶಿಯೊ ಮುರಾಶಿಗೆ ಮತ್ತು ಫೋಲ್ಕೆ ಸ್ಕೂಗ್ ತಂಬಾಕಿನ ಅಂಗಾಂಶ ಬೆಳೆಸಲು ಲವಣಗಳ ಹದವನ್ನು ನಿಗದಿಮಾಡಿ 1962ರಲ್ಲಿ ಪ್ರಕಟಿಸಿದರು. ‘ಎಂಎಸ್ ಮೀಡಿಯಾ’ ಎಂದು ಪ್ರತಿ ಟಿಶ್ಯೂ ಕಲ್ಚರ್ ಲ್ಯಾಬಿನಲ್ಲೂ ಹೆಸರಾದ ಇದನ್ನು ಬಳಸಿದ ಸಂಶೋಧಕರು ಸಾಮಾನ್ಯವಾಗಿ ಆ ಪ್ರಬಂಧವನ್ನು ಉಲ್ಲೇಖಿಸುತ್ತಾರೆ. ನಮ್ಮ ರೈತರು ನೆಡುವ ಟಿಶ್ಯೂ ಕಲ್ಚರ್ ಬಾಳೆಯ ಸಸಿಗಳೂ ಸಾಮಾನ್ಯವಾಗಿ ಇದರಲ್ಲೋ ಇದರ ಮಾರ್ಪಾಡಿನಲ್ಲೋ ಮೊಳೆತವು. ಇಲ್ಲಿ ಸೈಟೇಶನ್ ನಿಜವಾದ ಉಪಯೋಗವನ್ನೇ ತೋರಿಸುತ್ತಿದೆ.

ಆದರೆ ಬಾರ್ಬರಾ ಮೆಕ್‌ಲಿಂಟಾಕ್ ಅವರನ್ನು ನೋಡಿ. ಮುಸುಕಿನ ಜೋಳದ ಕಾಳಿನ ಬಣ್ಣ ನೋಡುತ್ತ, ವಂಶವಾಹಿಯ ತುಣುಕುಗಳು ಜಾಗ ಬದಲಿಸುತ್ತವೆ ಎಂದು ಅವರು ಕಂಡುಕೊಂಡರು. 1951ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಸಭೆಯಲ್ಲಿ ಅದನ್ನು ಮಂಡಿಸಿದಾಗ ಕೇಳಿದವರು ತಣ್ಣಗಿದ್ದರು. ನೊಬೆಲ್ ಬಂದದ್ದು 1983ರಲ್ಲಿ, 81ನೆಯ ವಯಸ್ಸಿನಲ್ಲಿ. 1950ರ ದಶಕದಲ್ಲಿ ಸೈಟೇಶನ್ ನೋಡಿ ನೇಮಕ ಮಾಡುವವರಿದ್ದರೆ ಆ ಕೆಲಸಕ್ಕೆ ಎಷ್ಟು ಅಂಕ ಕೊಡುತ್ತಿದ್ದರೋ!

ಗಿಡ ಯಾವುದೆಂಬುದೂ ಮುಖ್ಯ. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಮೇಲೆ ಜಗತ್ತಿನ ಸಾವಿರಾರು ಲ್ಯಾಬ್‌ಗಳು ಕೆಲಸ ಮಾಡುತ್ತವೆ. ಉಲ್ಲೇಖಿಸುವವರು ಹೆಚ್ಚಿದ್ದಲ್ಲಿ ಉಲ್ಲೇಖವೂ ಹೆಚ್ಚು. ರಾಗಿಗೆ ಅಷ್ಟು ಜನರಿಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಬೆಳೆಸಿದ ಇಂಡಾಫ್ ತಳಿಗಳು ಹೊಲಗಳಲ್ಲಿ ಹರಡಿ ಇಳುವರಿ ಏರಿಸಿದವು. ರೈತ ಬಿತ್ತಿದ ಎಕರೆಗಳು ಯಾವ ಸೈಟೇಶನ್ ಸೂಚಿಗೂ ಸೇರುವುದಿಲ್ಲ.

ಇಂಥ ಅಂಕಿಗಳ ಬಗ್ಗೆ ಎಚ್ಚರ ಹೇಳಿದವರಲ್ಲಿ ಜೀವವಿಜ್ಞಾನಿಗಳೂ ಇದ್ದಾರೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕದ ಕೋಶ ಜೀವಶಾಸ್ತ್ರ ಸಂಘದ ಸಮಾವೇಶದ ವೇಳೆ ರೂಪುಗೊಂಡ ಘೋಷಣೆ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳಿಗೆ ಬರುವ ಸರಾಸರಿ ಸೈಟೇಶನ್) ನೋಡಿ ವಿಜ್ಞಾನಿಯನ್ನು ತೂಗಬೇಡಿ ಎಂದಿತು.

ನಿಮ್ಮ ಮಗಳಿಗೆ ಹೇಳುವುದಿಷ್ಟು. ಒಟ್ಟು ಸಂಖ್ಯೆ ಬಿಟ್ಟು ಪ್ರಬಂಧಗಳ ಪಟ್ಟಿ ತೆರೆಯಲಿ. ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸ ಮಾಡಿದ ವಿದ್ಯಾರ್ಥಿಯದು, ಕೊನೆಯದು ಲ್ಯಾಬಿನ ಮುಖ್ಯಸ್ಥರದು. ಪ್ರಾಧ್ಯಾಪಕರ ಹೆಸರು ಎಷ್ಟರಲ್ಲಿ ಕೊನೆಗಿದೆ, ಎಷ್ಟರಲ್ಲಿ ಇಪ್ಪತ್ತು ಜನರ ನಡುವೆ ಇದೆ ಎಂದು ನೋಡಲಿ. ಇತರರ ಕೆಲಸವನ್ನು ಸಮೀಕ್ಷಿಸುವ ರಿವ್ಯೂ ಲೇಖನಗಳಿಗೆ ಸೈಟೇಶನ್ ಧಾರಾಳ. ಅವನ್ನು ಬೇರೆ ಎಣಿಸಲಿ. ಅದೇ ಲ್ಯಾಬಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಪಿಎಚ್.ಡಿ. ಮುಗಿಸಿದರು, ಗೈಡ್ ವಾರಕ್ಕೆಷ್ಟು ಹೊತ್ತು ಸಿಗುತ್ತಾರೆ ಎಂದು ಅವರನ್ನೇ ವಿಚಾರಿಸಲಿ. ಐದಾರು ವರ್ಷ ಅವಳು ಬಾಳಬೇಕಾದದ್ದು ಆ ಮನುಷ್ಯನ ಜೊತೆ, ಎಚ್-ಇಂಡೆಕ್ಸಿನ ಜೊತೆಯಲ್ಲ.