ಕೈ ತಾಳುವಷ್ಟು ಬಿಸಿ

ಮೊದಲೆಲ್ಲ ನನ್ನ ಸಿಟ್ಟು ಬಂದದ್ದು ಬಂದ ಹಾಗೆ ಬಾಯಿಂದ ಬೀಳುತ್ತಿತ್ತು. ಹೊಲದ ಬದುವಿನ ಸಲುವಾಗಿ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ, ಹತ್ತು ಮಂದಿಯ ಎದುರು, ತಮ್ಮನಿಗೆ ಆಡಬಾರದ್ದು ಆಡಿದೆ. ಆಮೇಲೆ ನಾಚಿಕೆಯಾಗಿ ಬಾಯಿ ಹೊಲಿದುಕೊಂಡೆ. ಅವನು ರಾಮದುರ್ಗದಲ್ಲಿ, ನಾನು ಬೈಲಹೊಂಗಲದಲ್ಲಿ. ಎಂಟು ತಿಂಗಳು ಫೋನಿಲ್ಲ. ಇದನ್ನೇ ತಾಳ್ಮೆ ಎಂದುಕೊಂಡಿದ್ದೆ.

ಭಾರತ ಹುಣ್ಣಿಮೆ ಬಂತು. ಎಲ್ಲಮ್ಮನ ಗುಡ್ಡಕ್ಕೆ ಹೊರಡುವವರ ಮನೆಯಲ್ಲಿ ಬುತ್ತಿಗೆಂದು ಖಡಕ್ ರೊಟ್ಟಿಯ ರಾಶಿಯೇ ಬೀಳಬೇಕು. ಅವ್ವನ ಮಣಿಕಟ್ಟು ಮುರಿದು ಕೈ ಕಟ್ಟಿನಲ್ಲಿತ್ತು. ಹೆಂಡತಿ ಬಡಿಯುವುದು, ನಾನು ನಾದುವುದು ಎಂದಾಯಿತು.

ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತನ್ನದೇ ಜಿಗಿ ಇಲ್ಲ. ಕುದಿಯುವ ಎಸರು ಬಿದ್ದಾಗಲೇ ಅದು ಒಂದಕ್ಕೊಂದು ಹಿಡಿದುಕೊಳ್ಳುವುದು. ಎಸರು ಹೊಯ್ದವನೇ ಕೈ ಹಾಕಿದೆ, ಬೆರಳು ಚುರುಗುಟ್ಟಿದವು. ಎರಡನೇ ಸಲ ಪೂರಾ ಆರುವ ತನಕ ಕೂತೆ. ಆ ಹಿಟ್ಟಿನ ರೊಟ್ಟಿಗೆ ಅಂಚೆಲ್ಲ ಬಿರುಕು. ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡು.

ಗೋಡೆಗೆ ಒರಗಿದ್ದ ಅವ್ವ ಹೇಳಿದಳು: “ಕುದಿಯೂದಕ್ಕೂ ಕೈ ಹಾಕಬ್ಯಾಡ, ಆರಿದ್ದಕ್ಕೂ ಹಾಕಬ್ಯಾಡ. ಮೊದಲ ಚಮಚಾದ್ಲೆ ತಿರುವು. ಕೈ ತಾಳೂವಷ್ಟ ಆತಂದ್ರ ನಾದು.”

“ಈಗ ಆರಿ ಹೋಗೇತಲ್ಲವ್ವ?”

“ಚೂರ ಬಿಸಿನೀರ ಹಾಕಿ ಮತ್ತ ನಾದು. ರಟ್ಟಿ ನೋಯತಾವು, ಅಷ್ಟ.”

ಅವಳು ಹೇಳಿದ್ದು ಹಿಟ್ಟಿನ ಮಾತು. ನನಗೆ ಮಾತ್ರ ಎಂಟು ತಿಂಗಳು ಲೆಕ್ಕಕ್ಕೆ ಬಂದವು.

ಸಂಜೆ ತಮ್ಮನಿಗೆ ಫೋನ್ ಮಾಡಿದೆ. ಹಿಂಗಾರಿ ಜೋಳದ ಕೊಯ್ಲು, ಆಳಿನ ಪಗಾರ, ಅವನ ಮಗಳ ಪರೀಕ್ಷೆ ಎಲ್ಲ ಆದವು. ಬಸ್‌ಸ್ಟ್ಯಾಂಡಿನಲ್ಲಿ ಆಡಿದ್ದು ನನ್ನದೇ ತಪ್ಪು ಎಂದೆ. ಬದುವಿನ ಮಾತು ಬಂದಾಗ ಇಬ್ಬರ ದನಿಯೂ ಏರಿತು, ಆದರೆ ಯಾರೂ ಫೋನ್ ಇಡಲಿಲ್ಲ. ಹುಣ್ಣಿಮೆಯ ದಿನ ಅವನೇ ಗುಡ್ಡಕ್ಕೆ ಬಂದ.

ಈಗಲೂ ಸಿಟ್ಟು ಬರುತ್ತದೆ. ಬಂದ ಗಳಿಗೆಯಲ್ಲಿ ಎದ್ದು ಅಂಗಳಕ್ಕೆ ಹೋಗುತ್ತೇನೆ, ಅಲ್ಲೇ ಉಳಿಯುವುದಿಲ್ಲ. ಹೇಳಬೇಕಾದ್ದನ್ನು ಅಂದೇ, ತಪ್ಪಿದರೆ ಮರುದಿನ ಹೇಳಿಬಿಡುತ್ತೇನೆ. ಹತ್ತರಲ್ಲಿ ನಾಲ್ಕು ಸಲ ಇನ್ನೂ ಬೆರಳು ಸುಡುತ್ತವೆ.

ಗುಡ್ಡದಲ್ಲಿ ಬುತ್ತಿ ಬಿಚ್ಚಿದಾಗ ಒಡೆದ ರೊಟ್ಟಿಗಳೂ ಇದ್ದವು. ಅವ್ವ ಒಂದನ್ನೂ ಬಿಟ್ಟಿರಲಿಲ್ಲ. ತಮ್ಮ ಒಂದು ತುಂಡನ್ನು ಎತ್ತಿ ಹಿಡಿದು, “ಅಣ್ಣಾ, ಇದನ್ನ ಯಾರ ನಾದಿದ್ರೋ?” ಎಂದ.

ಶೇಂಗಾ ಚಟ್ನಿಯನ್ನು ಅವನ ಕಡೆ ಸರಿಸಿದೆ.